ಹರಳು ಒತ್ತದ ತಳ

ಹಸಿ ಸಿಮೆಂಟಿನ ವಾಸನೆ ಅಂದರೆ ನನಗೆ ಹೊಟ್ಟೆಪಾಡಿನ ವಾಸನೆ. ಮೊನ್ನೆ ಪುಣೆಯ ಕಾತ್ರಜದ ನಮ್ಮ ಮನೆಯ ಬಚ್ಚಲಿಗೆ ನಾನೇ ನೆಲ ಹಾಕಿ, ಕನ್ನಡಿಯಂತೆ ತಿಕ್ಕಿ ಎದ್ದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಜಾರತೈತಿ, ಇದರ ಮ್ಯಾಲ ನಾ ಕಾಲಿಡೂದಿಲ್ಲ ನೋಡ್ರಿ" ಅಂದಳು.

ಏಳನೇ ಇಯತ್ತೆ ದಾಟದವನು ನಾನು. ಆದರೂ ಸಮುದ್ರ ಕಟ್ಟಿದ್ದೇನೆ, ನಗಬೇಡಿ. ವರ್ಷಗಳ ಹಿಂದೆ, ಪುಣೆಯ ಅಂಚಿನ ಒಂದು ಶೆಡ್ಡಿನಲ್ಲಿ, ಗುಜರಾತಿನ ಕಡೆಯ ಕೊಲ್ಲಿಯೊಂದನ್ನು ಇಟ್ಟಿಗೆ ಸಿಮೆಂಟಿನಲ್ಲಿ ಅಂಗಳದಷ್ಟಕ್ಕೆ ಇಳಿಸಿ ಮಾದರಿ ಕಟ್ಟಿದ್ದೆವು. ಅದರ ಬಾಯಿಗೆ ಬಾಗಿಲುಗಳ ಗೋಡೆ ಕಟ್ಟಿ, ಉಬ್ಬರದ ನೀರನ್ನು ಒಳಗೆ ಹಿಡಿದು, ಇಳಿತದಲ್ಲಿ ಹೊರಬಿಟ್ಟು ಕರೆಂಟು ತೆಗೆಯುವ ಯೋಜನೆಯಂತೆ. ಗೋಡೆಯ ಸುತ್ತ ನೀರು ಹೇಗೆ ತಿರುಗುತ್ತದೆ, ಎಲ್ಲಿ ಕೊರೆಯುತ್ತದೆ ಎಂಬುದನ್ನು ನಮ್ಮ ಪುಟ್ಟ ಸಮುದ್ರ ಮೊದಲೇ ಹೇಳಬೇಕು. ಪಂಪೇ ನಮ್ಮ ಚಂದ್ರ. ಒಂದು ಚಹಾ ಮುಗಿಯುವಷ್ಟರಲ್ಲಿ ಉಬ್ಬರ ಬಂದು ಹೋಗುತ್ತಿತ್ತು.

ಹೆಡ್ ಮೇಸ್ತ್ರಿ ಶರಣಪ್ಪ ನಮ್ಮ ಯಾದಗಿರಿ ಕಡೆಯವನೇ, ನನಗೆ ಕರಣಿ ಹಿಡಿಯಲು ಕಲಿಸಿದವನು. ತಳ ಹಸಿಯಿರುವಾಗಲೇ ಮಂಡಿಯೂರಿ ಒಂದೊಂದೇ ಹರಳುಕಲ್ಲು ಒತ್ತುತ್ತ ಹೋಗುತ್ತಿದ್ದ. ಸಮುದ್ರದ ತಳ ಒರಟು, ನೀರಿಗೆ ತಡೆ ಸಿಗಬೇಕು ಎನ್ನುತ್ತಿದ್ದ. ನನಗೋ ಅದು ನುಣುಪು ಮಾಡಲು ಕೈ ಸಾಲದವರ ಕೆಲಸದಂತೆ ಕಾಣುತ್ತಿತ್ತು.

ಅವನು ಜ್ವರದಿಂದ ಮಲಗಿದ ಮೂರು ದಿನದಲ್ಲಿ, ಗೋಡೆ ಬರುವ ಜಾಗದ ತಳವನ್ನು ನಾನು ಮುಗಿಸಿದೆ. ಹರಳು ಒತ್ತಲಿಲ್ಲ. ಮುಖ ಕಾಣುವಷ್ಟು ನುಣುಪು ಮಾಡಿದೆ. ಅವನು ಬರುವಷ್ಟರಲ್ಲಿ ನೀರು ಬಿಟ್ಟಾಗಿತ್ತು.

ಗೋಡೆ ಇಡುವ ಮೊದಲು, ನಿಜ ಸಮುದ್ರದಲ್ಲಿ ಅಳೆದ ವೇಗಕ್ಕೆ ನಮ್ಮ ನೀರನ್ನು ತಾಳೆ ನೋಡುವುದು ಪದ್ಧತಿ. ತಾಳೆಯಾಗಲಿಲ್ಲ. ತೇಲಿಬಿಟ್ಟ ಕಾಗದದ ಚೂರುಗಳು ಸುಳಿಯುವ ಬದಲು ಬಾಣದಂತೆ ಓಡಿದವು. ಇಂಜಿನಿಯರ್ ಮೇಡಂ ವಾರಗಟ್ಟಲೆ ಪಂಪಿನಲ್ಲಿ ತಪ್ಪು ಹುಡುಕಿ, ಕೊನೆಗೆ ನೀರು ಖಾಲಿ ಮಾಡಿಸಿದರು. ಶರಣಪ್ಪ ತಳಕ್ಕೆ ಅಂಗೈ ಇಟ್ಟು ನನ್ನತ್ತ ಒಮ್ಮೆ ನೋಡಿದ. ನನ್ನಂಥ ಕೈ ಈ ಶೆಡ್ಡಿನಲ್ಲೇ ಇಲ್ಲ ಎಂದು ಕೊಚ್ಚಿಕೊಳ್ಳುತ್ತಿದ್ದ ನಾನು ಅವತ್ತು ಕೂಲಿಯವರ ಹಿಂದೆ ಸರಿದು ನಿಂತೆ.

"ತಳ ನನ್ನ ಜವಾಬ್ದಾರಿರೀ ಮೇಡಂ. ನಂದೇ ತಪ್ಪು," ಅಂದ ಅವನು.

ಗುತ್ತಿಗೆದಾರ ಅಂದೇ ಅವನನ್ನು ತೆಗೆದ. ಬಸ್ಸು ಹತ್ತಿಸಲು ಹೋದೆ. ಅವನ ಗಂಟು ಎತ್ತಿಕೊಟ್ಟೆ. ಕಿಟಕಿಯಿಂದ ಅಂದ, "ಭಾಳ ಚಂದ ಮಾಡಿದ್ದಿ ತಮ್ಮಾ. ಅಷ್ಟು ಚಂದ ಬೇಕಾಗಿರಲಿಲ್ಲ."

ಅವನ ಜಾಗ ನನಗೆ ಸಿಕ್ಕಿತು. ತಳ ಒಡೆದು ನಾನೇ ಹರಳು ಒತ್ತಿದೆ. ಆ ಗೋಡೆ ಸಮುದ್ರದಲ್ಲಿ ಎದ್ದೇ ಇಲ್ಲವಂತೆ. ನೀರಿನ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿ. ಶೆಡ್ಡಿನ ಸಮುದ್ರದಲ್ಲಿ ಹುಲ್ಲು ಬೆಳೆದಿದೆ. ಹೋದ ಮಳೆಗಾಲ ಊರಿಂದ ಫೋನು ಬಂತು, ಶರಣಪ್ಪ ತೀರಿದನೆಂದು.

ಮೊನ್ನೆ ಹೆಂಡತಿ ಹಾಗೆ ಅಂದಾಗ ಬಚ್ಚಲ ನೆಲ ಇನ್ನೂ ಹಸಿಯಿತ್ತು. ಒಂದು ಬೊಗಸೆ ಹರಳು ತಂದು ಮಂಡಿಯೂರಿದೆ.

"ಇದು ಶರಣಪ್ಪನ ಪದ್ಧತಿ ಅಲ್ಲೇನ್ರಿ? ಕೈ ಕೆಟ್ಟು ಕೆಲಸ ಕಳಕೊಂಡಾಂವ?" ಅಂದಳು. ಮನೆಯಲ್ಲಿ ನಾನು ಹಾಗೇ ಹೇಳಿದ್ದೆ, ಇಷ್ಟು ವರ್ಷ.

"ಅವನ ಕೈ ಕೆಟ್ಟಿರಲಿಲ್ಲ. ಆ ತಳ ಕೆಡಿಸಿದಾಂವ ನಾನು."

ಅವಳು ಒಳಗೆ ಹೋದಳು. ಇನ್ನೂ ಅರ್ಧ ನೆಲ ಉಳಿದಿತ್ತು. ಸಿಮೆಂಟು ಆಗಲೇ ಬಿಗಿಯತೊಡಗಿತ್ತು.