ಮೈಲೇಜ್ ಮುಳ್ಳಿನ ಸುಳ್ಳು

ಬಾಟಲಿಯಲ್ಲಿ ಪೆಟ್ರೋಲ್ ವಾಸನೆ ಇತ್ತು, ಅತ್ತಿಗೆ. ಮೂಗಿಗೆ ಹೊಡೆಯುವಷ್ಟು ಇತ್ತು. ಇಲ್ಲವೆಂದು ನಾನು ಸುಳ್ಳು ಹೇಳಿದೆ.

ಆರು ವರ್ಷ ಇದನ್ನು ಬೇರೆ ಥರ ನೆನಪಿಟ್ಟುಕೊಂಡಿದ್ದೆ — ಸುಮ್ಮನಿದ್ದೆ, ಅಷ್ಟೇ, ಎಂದು. ಥೂ! ಸುಮ್ಮನಿದ್ದದ್ದು ಮಧ್ಯಾಹ್ನ. ಸಂಜೆ ಬಾಯಿ ಬಿಟ್ಟೆ.

ಅಂದು ಮಾರುವ ಸೀರೆಗಳ ಗಂಟನ್ನು ಕಾರಿಗೆ ಹಾಕಿಕೊಂಡು ನೀವೊಬ್ಬರೇ ಓಡಿಸಿಕೊಂಡು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗಿದ್ದಿರಿ. ಪೆಟ್ರೋಲ್ ಎಷ್ಟು ಸುಡುತ್ತಿದೆ ಎಂದು ತೋರಿಸುವ ನಮ್ಮ ಹಳೆ ಕಾರಿನ ಮೈಲೇಜ್ ಮುಳ್ಳು ದಾರಿಯುದ್ದಕ್ಕೂ ಕೆಂಪಿನಲ್ಲೇ ನಿಂತಿದೆ ಎಂದು ಅಲ್ಲಿಯ ಮೆಕ್ಯಾನಿಕ್‌ಗೆ ತೋರಿಸಿದಿರಿ. ಮಧ್ಯಾಹ್ನ ಅವನು ಮನೆಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದೆ. "ಬಲೇ ತಾಗ್ತಾಂದನ್ನಾ!" ತುಂಬಾ ಕುಡಿಯುತ್ತದೆ, ಅಂತ. ಕನ್ನಡದಲ್ಲಾದರೆ ಕುಡೀತೈತೆ, ಕುಡೀತಾಳೆ — ಎರಡು ಮಾತು. ತೆಲುಗಿನಲ್ಲಿ ಕಾರು ಕುಡಿದರೂ ಹೆಂಗಸು ಕುಡಿದರೂ ಅದೇ 'ತಾಗ್ತಾಂದಿ'. ಅವನು ಹೇಳಿದ್ದು ಕಾರಿನ ಮಾತು. ಅವ್ವನಿಗೆ ಕೇಳಿಸಿದ್ದು ನೀವು. ನಾನು ತಿದ್ದಬಹುದಿತ್ತು —

ಸಂಜೆ ಕಾರಿನ ಹಿಂದಿನ ಸೀಟಿನಡಿ ಅವ್ವನಿಗೆ ಖಾಲಿ ಬ್ರಾಂದಿ ಬಾಟಲಿ ಸಿಕ್ಕಿತು. ಫೋನ್ ಮಾಡಿದ ಮೇಲೆ ಮೆಕ್ಯಾನಿಕ್ ಅದಕ್ಕೆ ಪೆಟ್ರೋಲ್ ಅಳೆದು ಹಾಕಿ, ಎಂಜಿನ್ನಿಗೆ ಪೈಪು ಕೊಟ್ಟು, ಮುಗಿಯುವ ತನಕ ಓಡಿಸಿ ನೋಡಿದ್ದ; ಲೆಕ್ಕ ಸರಿಯಾಗೇ ಬಂದಿತ್ತು.

"ಕಾರೂ ಕುಡಿಯಲ್ಲ, ನಾನೂ ಕುಡಿಯಲ್ಲ ಕಣತ್ತೆ. ಆ ಮುಳ್ಳೇ ಸುಳ್ಳು," ಎಂದು ನಕ್ಕಿರಿ. ನಕ್ಕಿರಿ! "ಬೇಕಾರೆ ಮೂಸ್ ನೋಡಿ."

ನಶ್ಯ ಏರಿಸಿ ಏರಿಸಿ ಅವ್ವನ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. "ನೀನ್ ಮೂಸ್ಲಾ."

ಮೂಸಿದೆ.

"ತೊಳೆದ್ಬುಟ್ಟವ್ರೆ ಕಣವ್ವ. ಏನೂ ವಾಸ್ನೆ ಇಲ್ಲ."

ಅಣ್ಣ, ನಿಮ್ಮ ಗಂಡ, ಬಾಟಲಿಗೆ ಕೈಚಾಚಲೂ ಇಲ್ಲ. ನನ್ನನ್ನು ನಂಬಿಬಿಟ್ಟ. ಅವನ ಮೇಲೂ ಸಿಟ್ಟಿದೆ ನನಗೆ — ಯಾಕೆ ನಂಬಿದ?

ಬೇರೆ ದಿನಗಳಲ್ಲಿ ಸೀರೆ ಗಂಟಿನ ಪಕ್ಕ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವನು ನಾನು. "ಅತ್ತಿಗೆ ಡ್ರೈವರು, ನೀನೇನ್ಲಾ, ಇನ್ನೊಂದ್ ಗಂಟಾ?" ಎಂದು ಓಣಿಯವರು ಆಡಿಕೊಳ್ಳುತ್ತಿದ್ದರು. ಅಷ್ಟಕ್ಕೆ! ಅಷ್ಟೇ ಅಷ್ಟಕ್ಕೆ ನಿಮ್ಮ ಮಾನ ತೆಗೆದೆ.

ಕೀ ನನಗೆ ಬಂತು. ನೀವು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಈಗಲೂ ಮದುವೆ ಮನೆಗಳಲ್ಲಿ ನೀವು ಪಂಕ್ತಿಗೆ ಕೂತರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೀ ಕೈಗೆ ಬಂದ ವಾರವೇ ನಾನು ಬಾನೆಟ್ ಎತ್ತಿದೆ. ಎಂಜಿನ್ನಿನಿಂದ ಆ ಮುಳ್ಳಿಗೆ ಹೋಗುವ ರಬ್ಬರ್ ಪೈಪು ಬೆರಳುದ್ದ ಸೀಳಿತ್ತು. ಬದಲಿಸಿದೆ. ಮುಳ್ಳು ಹಸಿರಿಗೆ ಬಂತು, ನಿಜ ಹೇಳತೊಡಗಿತು. ನಾನು ಮಾತ್ರ —

ಬರುವ ಭಾನುವಾರ ಎಲ್ಲರೂ ಇರುತ್ತಾರೆ. ಅಂದು ಬಾಟಲಿ ಮೂಸಿದ ಅದೇ ಪಡಸಾಲೆಯಲ್ಲಿ ನಿಂತು ಇದನ್ನು ಓದುತ್ತೇನೆ. ಅವ್ವನ ಕಿವಿಗೆ ಬೀಳುವಷ್ಟು ಜೋರಾಗಿ, ಕನ್ನಡದಲ್ಲಿ, ಯಾರು ಎಂಬ ಅನುಮಾನ ಉಳಿಯದ ಹಾಗೆ: ಮುಳ್ಳು ಸುಳ್ಳು ಹೇಳಿತು. ಮೈದುನ ಸುಳ್ಳು ಹೇಳಿದ.