ಹಾಳೆಯಡಿಯ ಕುಂಕುಮ

ನಮ್ಮ ಮತ್ತಿಗಿರಿಯ ಬೀದಿಯಲ್ಲಿ ಯಾರು ಹೊಸ ಫೋನು ಕೊಂಡರೂ ಅದು ಮೊದಲು ನನ್ನ ಬಚ್ಚಲುಮನೆಗೆ ಬರುತ್ತದೆ. ನಗಬೇಡಿ. ಸ್ಕ್ರೀನ್ ಗಾರ್ಡ್ ಅಂಟಿಸುವುದಕ್ಕೆ ಬಚ್ಚಲಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಬಿಸಿನೀರು ಬಿಟ್ಟು ಒಂದಿಷ್ಟು ಹಬೆ ಏಳಿಸಿದರೆ ಗಾಳಿಯಲ್ಲಿ ಹಾರಾಡುವ ದೂಳೆಲ್ಲ ಕೆಳಗೆ ಕೂರುತ್ತದೆ. ಆಮೇಲೆ ಫೋನಿನ ಗಾಜು ಒರೆಸಿ, ಉಳಿದ ಕಣಗಳನ್ನು ಸೆಲ್ಲೋಟೇಪಿನಿಂದ ಎತ್ತಿ, ಉಸಿರು ಬಿಗಿಹಿಡಿದು ಹಾಳೆ ಇಳಿಸಿ, ಹಳೇ ಎಟಿಎಂ ಕಾರ್ಡಿನಿಂದ ಗುಳ್ಳೆಗಳನ್ನು ಅಂಚಿಗೆ ತಳ್ಳಿದರೆ ಆಯಿತು. ನಾನು ಹೊಸೂರಿನಲ್ಲಿ ಕೈಗಡಿಯಾರಗಳಿಗೆ ಡಯಲ್ ಕೂರಿಸುವ ಕೆಲಸದವಳು. ತಲೆಗೆ ಟೋಪಿ ಹಾಕಿಕೊಂಡು ದಿನವಿಡೀ ದೂಳಿನ ಜೊತೆ ಜಗಳ. ಎದುರುಮನೆಯಾಕೆ "ಅಕ್ಕಾ, ಇದ ಕೊಂಜಂ ಒಟ್ಟಿ ಕುಡುಂಗ" ಎಂದು ತಮಿಳಿನಲ್ಲಿ ಅಂಟಿಸಿಕೊಡಲು ಕೇಳುತ್ತಾ ಹಾಳೆ ಹಿಡಿದು ಬಂದರೆ, ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಸರಿ, ಬಚ್ಚಲಿಗೆ ನಡೆದುಬಿಡುತ್ತೇನೆ. ನಾನು ಅಂಟಿಸಿದ್ದರಲ್ಲಿ ಒಂದು ಗುಳ್ಳೆ ತೋರಿಸಿ ನೋಡೋಣ!

ಅಂಥವಳ ಮನೆಯಲ್ಲೇ, ನನ್ನ ಅತ್ತೆಯ ಫೋನಿನಲ್ಲೇ, ಹಾಳೆಯಡಿ ಒಂದು ಕೆಂಪು ಚುಕ್ಕೆ ಸಿಕ್ಕಿಕೊಂಡಿತು.

ಅವರಿಗೆ ಫೋನು ತಂದದ್ದು ಆಯುಧಪೂಜೆಯ ಹೊತ್ತಿಗೆ. ನಮ್ಮ ಕಡೆ ಅವತ್ತು ಕಾರ್ಖಾನೆಯ ಯಂತ್ರದಿಂದ ಹಿಡಿದು ಅಡುಗೆಮನೆಯ ಮಿಕ್ಸಿಯವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಆಗಲೇಬೇಕು. ಅತ್ತೆ ಮಗನ ಬೈಕಿಗೆ ಬೊಟ್ಟಿಟ್ಟ ಕೈಯಲ್ಲೇ ಹೊಸ ಫೋನಿಗೂ ಧಾರಾಳವಾಗಿ ಇಟ್ಟರು. ನಾನು ಗೊಣಗುತ್ತಾ ಒರೆಸಿ, ಬಚ್ಚಲಿಗೆ ಒಯ್ದು, ಹಾಳೆ ಅಂಟಿಸಿದೆ. ಮಾತು ಕೇಳಿಸುವ ಮೇಲಿನ ಸೀಳಿನಲ್ಲಿ ಕುಂಕುಮ ಅಡಗಿ ಕೂತಿದೆ ಅಂತ ನನಗೇನು ಗೊತ್ತು? ಹಾಳೆ ಇಳಿಯುವ ಹೊತ್ತಿಗೆ ಸರಿಯಾಗಿ ಅದರಿಂದ ಒಂದು ಸಣ್ಣ ಗಂಟು ಜಾರಿ, ಒಳಗೇ ಉಳಿದುಬಿಟ್ಟಿತು.

"ಕೊಡಿ ಅತ್ತೆ, ಕಿತ್ತು ಬೇರೆ ಹಾಕ್ತೀನಿ" ಅಂದೆ.

"ಪೂಜೆ ಕುಂಕುಮ ಕಣಮ್ಮ, ಇರ್ಲಿ ಬುಡು" ಅಂದರು.

ಎದುರುಮನೆಯಾಕೆ ಅದನ್ನು ನೋಡಿ ಕಿಸಕ್ಕನೆ ನಕ್ಕಳು. ಬೀದಿಯಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. ಅತ್ತೆ ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಕಿತ್ತುಬಿಡೋಣ ಎಂದು ಕಾದೆ. ಅವರು ಫೋನನ್ನು ಸ್ನಾನಕ್ಕೂ ಜೊತೆಗೇ ಒಯ್ದರು.

ಸಂಜೆಯಾದರೆ ಬೇರಿಕೆ ಊರಿನಿಂದ ಅತ್ತೆಯ ಅಕ್ಕ, ಅಂದರೆ ನನಗೆ ದೊಡ್ಡತ್ತೆ, ವಿಡಿಯೊ ಕಾಲ್ ಮಾಡುತ್ತಿದ್ದರು. ಟೊಮೇಟೊ ಸಂತೆ, ಮಂಡಿನೋವು, ಕಟ್ಟೆಯ ಮೇಲೆ ಕೂತವರ ಕತೆ. ನಡುವೆ ನಮ್ಮತ್ತೆಯದು ಒಂದು ವಿಚಿತ್ರ ವರಸೆ ಶುರುವಾಯಿತು.

"ಅಕ್ಕಯ್ಯ, ವಸಿ ಎಡಕ್ಕೆ ಬಾ. ತಲೆ ಬಗ್ಗಿಸು. ಹಾಂ, ಅಲ್ಲೇ ಇರು."

"ಇದೇನೇ, ಫೋಟೊ ತೆಗೆಯೋನಂಗೆ ಆಡ್ತೀಯ!" ಎಂದು ದೊಡ್ಡತ್ತೆ ನಗುತ್ತಾ ಅಲುಗಾಡದೆ ಕೂರುತ್ತಿದ್ದರು.

ಏನಿದು ನಾಟಕ ಎಂದು ಒಂದು ದಿನ ಹಿಂದಿನಿಂದ ಇಣುಕಿದೆ. ಹಾಳೆಯಡಿಯ ಆ ಕೆಂಪು ಚುಕ್ಕೆ ದೊಡ್ಡತ್ತೆಯ ಎರಡು ಹುಬ್ಬುಗಳ ನಡುವೆ ಅಳತೆ ಮಾಡಿ ಇಟ್ಟಂತೆ ಕೂತಿತ್ತು.

ದೊಡ್ಡಮಾವ ಹೋದ ಮೇಲೆ ಆ ಹಣೆ ಬರಿದಾಗಿತ್ತು. ಅದಕ್ಕೂ ಮೊದಲು ಎಂಟಾಣೆಯಗಲ ಕುಂಕುಮವಿಲ್ಲದೆ ದೊಡ್ಡತ್ತೆ ಬಾಗಿಲಿಗೂ ಬರುತ್ತಿರಲಿಲ್ಲ. ಕಾಲ್ ಮುಗಿದ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಆ ಬರಿ ಹಣೆ ನೋಡಕಾಗ್ದೆ ಮಗನ ಫೋನಲ್ಲಿ ಬರೀ ಮಾತಾಡಿ ಇಟ್ಬುಡ್ತಿದ್ದೆ ಕಣಮ್ಮ. ಈಗ ನಮ್ಮಕ್ಕ ನಮ್ಮಕ್ಕನಂಗೇ ಕಾಣ್ತಾಳೆ. ಅವ್ಳಿಗೆ ಮಾತ್ರ ಹೇಳ್ಬ್ಯಾಡ, ನೊಂದ್ಕೊಂತಾಳೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಹೋಗಿ ಪಾತ್ರೆಗಳನ್ನು ಕುಕ್ಕಿ ತೊಳೆದೆ.

ಅವತ್ತಿನಿಂದ ಆ ಹಾಳೆಗೆ ನಾನೇ ಕಾವಲು. ರಾಗಿಹಿಟ್ಟಿನ ಕೈಯಲ್ಲಿ ಮುಟ್ಟಬೇಡಿ, ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಸೆರಗು ತಾಗಿಸಿದರೆ ಅಂಚು ಏಳುತ್ತದೆ ಎಂದು ದಿನಾ ಬೈದದ್ದೇ ಬೈದದ್ದು. ಅತ್ತೆ ಹೂಂ ಅನ್ನುವುದು, ಮರುಕ್ಷಣ ಒದ್ದೆ ಸೆರಗಿನಿಂದಲೇ ಒರೆಸುವುದು. ಎದ್ದ ಅಂಚನ್ನು ನಾನು ಒತ್ತಿ ಕೂರಿಸುವುದು, ಅದು ಹಿಟ್ಟು ತಿಂದು ಮತ್ತೆ ಏಳುವುದು. ಕೊನೆಗೆ ಹಾಳೆ ಗೀರುಬಿದ್ದು ಮಂಕಾಯಿತು. ಒಂದು ಸಂಜೆ ಬೇರಿಕೆಯ ಕಾಲ್ ಬಡಿದುಕೊಳ್ಳುತ್ತಿದ್ದರೂ, ಅತ್ತೆ ಎಷ್ಟು ಉಜ್ಜಿದರೂ, ಫೋನು ಅವರ ಬೆರಳಿಗೆ ಓಗೊಡಲಿಲ್ಲ. ಕಾಲ್ ಕಟ್ಟಾಯಿತು. ಅತ್ತೆ ತಾವೇ ಫೋನನ್ನು ನನ್ನ ಕೈಗಿಟ್ಟು, "ಕಿತ್ತಾಕ್ಬುಡು" ಅಂದರು.

ಹೊಸ ಹಾಳೆ ಎಷ್ಟು ಚೊಕ್ಕವಾಗಿ ಕೂತಿತೆಂದರೆ, ಇದೆಯೋ ಇಲ್ಲವೋ ಎಂದು ಉಗುರಿನಿಂದ ಮುಟ್ಟಿ ನೋಡಬೇಕು. ನನ್ನ ಕೆಲಸ ನನಗೇ ಹಿಡಿಸದೆ ಹೋದದ್ದು ಅವತ್ತೊಂದೇ ದಿನ.

ಅತ್ತೆಯೇ ಬೇರಿಕೆಗೆ ಕಾಲ್ ಮಾಡಿದರು. ಏನೋ ಮಾತಾಡಿದರು. ಕಣ್ಣು ಮಾತ್ರ ಫೋನಿನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು.

"ಯಾಕೇ, ಇವತ್ತು ಎಡಕ್ಕೆ ಬಾ, ತಲೆ ಬಗ್ಗಿಸು ಅನ್ಲೇ ಇಲ್ಲ? ಮೈಯಾಗೆ ಹುಷಾರಿಲ್ವ?" ಅಂದರು ದೊಡ್ಡತ್ತೆ.

ಅತ್ತೆಗೆ ಸುಳ್ಳು ಹೇಳಲು ಬಾರದು. ನನ್ನ ಮುಖ ನೋಡಿದರು. ತಡವರಿಸುತ್ತಾ, ಅಳುತ್ತಾ, ಚುಕ್ಕೆಯ ಕತೆಯನ್ನೆಲ್ಲ ಅಕ್ಕನಿಗೆ ಹೇಳಿಬಿಟ್ಟರು.

ಬೇರಿಕೆಯ ಅವರ ಹಟ್ಟಿಯಲ್ಲಿ ಆಡು ಕೂಗುವುದಷ್ಟೇ ಕೇಳುತ್ತಿತ್ತು. ಮುಗಿಯಿತು, ಇನ್ನು ಈ ಕಾಲ್ ಬರುವುದಿಲ್ಲ ಅಂದುಕೊಂಡೆ.

"ಎಷ್ಟಗಲ ಇತ್ತೇ?" ಎಂದು ದೊಡ್ಡತ್ತೆ ಮೆಲ್ಲಗೆ ಕೇಳಿದರು.

"ಸಾಸಿವೆ ಕಾಳಷ್ಟು, ಅಕ್ಕಯ್ಯ."

"ಥೂ, ಅಷ್ಟೇನಾ! ನನ್ ಹಣೆಗೆ ಅದೆಲ್ಲಿ ಸಾಕಾಯ್ತದೆ? ವಸಿ ದೊಡ್ಡದಾಗಿ ಇಡು ಅಂತ ನಿನ್ ಸೊಸೆಗೆ ಹೇಳು."

ಮತ್ತೆ ಬಚ್ಚಲು, ಮತ್ತೆ ಹಬೆ. ಅಷ್ಟು ಚೊಕ್ಕವಾಗಿ ಕೂತಿದ್ದ ಹಾಳೆಯನ್ನು ಕಿತ್ತೆಸೆದು ಇನ್ನೊಂದು ಬಿಡಿಸಿದೆ. ಸೆಲ್ಲೋಟೇಪಿನಿಂದ ದೂಳಿನ ಕಣವೊಂದನ್ನೂ ಬಿಡದೆ ಎತ್ತಿದೆ. ಆಮೇಲೆ ಭರಣಿಯಿಂದ ಬೆಂಕಿಕಡ್ಡಿಯ ತುದಿಯಲ್ಲಿ ಕುಂಕುಮ ತೆಗೆದು, ತೊಗರಿಬೇಳೆಯಷ್ಟಗಲ ನನ್ನ ಕೈಯಾರೆ ಗಾಜಿನ ಮೇಲಿಟ್ಟು ಹಾಳೆ ಇಳಿಸಿದೆ. ಸುತ್ತಲೂ ದೊಡ್ಡ ಗುಳ್ಳೆ ಬಂತು. ಎದುರುಮನೆಯಾಕೆ ನಗಲಿ, ಅವಳ ಹಲ್ಲಿಗೇನು ನಾನು ಸುಂಕ ಕಟ್ಟಬೇಕೆ?

ಈ ಸಲ ಕಾಲ್ ಹತ್ತುತ್ತಲೇ ದೊಡ್ಡತ್ತೆ, ಯಾರೂ ಹೇಳದೆಯೇ, ತಲೆಯನ್ನು ಎಡಕ್ಕೆ ತಂದರು, ಬಗ್ಗಿಸಿದರು.

"ಬಂತೇನೇ?"

"ಇನ್ನೂ ವಸಿ ಕೆಳಕ್ಕೆ, ಅಕ್ಕಯ್ಯ."

"ಈಗ?"

ಅತ್ತೆ ಫೋನನ್ನು ನನಗೂ ಕಾಣುವಂತೆ ಹಿಡಿದರು. "ಬಂತು ದೊಡ್ಡತ್ತೆ, ಸರಿಯಾಗಿ ಬಂತು" ಎಂದು ನಾನೇ ಹೇಳಿದೆ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಒದ್ದೆ ಸೆರಗಿನಿಂದ ಫೋನನ್ನೂ ಒರೆಸಿದರು. ನಾನು ಬೈಯಲಿಲ್ಲ.