ಗೋಡೆಗೆ ಒರಗಿ ಕೂರುವುದು

ಎದೆ ಉರಿದರೆ ಜನ ಸೋಡಾ ಕುಡಿದು ಸುಮ್ಮನಾಗುತ್ತಾರೆ. ನನಗೆ ಸೋಡಾ ಬಾಟಲಿ ಕಂಡರೇ ಕೈಕಾಲು ತಣ್ಣಗಾಗುತ್ತವೆ. ಪಾಮನಕಲ್ಲೂರಿನ ತವರುಮನೆಯಲ್ಲಿ ಒಂದು ಮಧ್ಯಾಹ್ನ ಅಪ್ಪ ಹೊಲದಿಂದ ಬಂದು, ರೊಟ್ಟಿ ಉಂಡು, ಎದೆ ಉರಿಯುತ್ತದೆ ಎಂದಿದ್ದ. "ಗ್ಯಾಸ್ ಆಗೈತಿ, ಏನಾಗಂಗಿಲ್ಲ" ಎಂದಳು ಅವ್ವ. ಓಣಿಯ ಅಂಗಡಿಯಿಂದ ಸೋಡಾ ಬಂತು. ಕುಡಿದ, ದೊಡ್ಡದಾಗಿ ತೇಗಿದ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟೆವು. ಹೊತ್ತು ಮುಳುಗುವ ಮೊದಲೇ ಹೋಗಿಬಿಟ್ಟ. ಅದು ಗ್ಯಾಸ್ ಅಲ್ಲ, ಹಾರ್ಟಿನದು ಎಂದು ಆಮೇಲೆ ಎಲ್ಲರೂ ಜಾಣರಾದರು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಮಣ್ಣಿಗೂ ಹಾಗೆಯೇ ಇಳಿಸುತ್ತೇವೆ. ಅಪ್ಪನನ್ನೂ ಪಡಸಾಲೆಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿ, ತಲೆ ವಾಲದಂತೆ ಬಟ್ಟೆ ಕಟ್ಟಿ ಕೂರಿಸಿದ್ದರು. ಭಜನೆಯವರು ಎದುರಿಗೇ ಕುಳಿತಿದ್ದರು. ಉಂಡು ಜೊಂಪು ಹತ್ತಿದವನ ಹಾಗೆ ಕಾಣುತ್ತಿದ್ದ ಅಪ್ಪ.

ಹೋದ ವರ್ಷ ಸಿಂಧನೂರಿನ ನಮ್ಮ ಮನೆಯಲ್ಲಿ ನನ್ನ ಎದೆಯೂ ಉರಿಯತೊಡಗಿತು. ಉಂಡು ಅಡ್ಡಾದರೆ ಸಾಕು, ಹುಳಿನೀರು ಗಂಟಲಿಗೆ ಏರುವುದು, ಎದೆಯ ನಟ್ಟನಡುವೆ ಕೆಂಡ ಇಟ್ಟಂತಾಗುವುದು. ಯಾರಿಗೂ ಹೇಳಲಿಲ್ಲ. ಹೇಳಿದರೆ ಗ್ಯಾಸ್ ಅನ್ನುತ್ತಾರೆ, ಆ ಮಾತು ಕೇಳುವ ಧೈರ್ಯ ನನಗಿರಲಿಲ್ಲ. ಕೊನೆಗೆ ಗಂಡನೇ ಕಂಡುಹಿಡಿದರು. "ದಿನಾ ಮಂಡಕ್ಕಿ ಒಗ್ಗರಣಿ ಜೋಡಿ ಮಿರ್ಚಿ ತಿಂದ್ರ ಎದ್ಯಾಗ ಮಲ್ಲಿಗಿ ಅರಳ್ತಾವೇನು?" ಎಂದು ನಕ್ಕರು.

"ನಗ್ರಿ, ನಗ್ರಿ. ನಾ ಸತ್ತ ಮ್ಯಾಲ ನೀವಽ ಮಿರ್ಚಿ ಕರಕೊಂಡು ತಿನ್ರಿ" ಎಂದು ತಟ್ಟೆ ಕುಕ್ಕಿದೆ. ಸಿಟ್ಟಲ್ಲ ಅದು, ಜೀವ ಪುಕುಪುಕು ಅನ್ನುತ್ತಿತ್ತು. ಅವರಿಗೂ ಅದು ತಿಳಿಯಿತು. ಮರುದಿನ ತಮ್ಮ ಅಂಗಡಿ ತೆರೆಯದೆ ನನ್ನನ್ನು ಲಿಂಗಸುಗೂರಿಗೆ ಹೊರಡಿಸಿದರು. ಅಲ್ಲಿರುವ ನಾದಿನಿ ಬಾಯ್ತುಂಬ ಹೊಗಳುವ ಡಾಕ್ಟರಮ್ಮ ಒಬ್ಬರಿದ್ದರು.

ಬಸ್ಸು ಮಸ್ಕಿ ದಾಟುವಾಗ ಎದೆಯಲ್ಲಿ ಚಳಕ್ ಎಂದಿತು. ಮುಗೀತು, ಬಸ್ಸಿನಲ್ಲೇ ಹೋಗುತ್ತೇನೆ, ಕಂಡಕ್ಟರ್ ನನ್ನನ್ನು ಎಲ್ಲಿ ಇಳಿಸುತ್ತಾನೋ ಎಂದುಕೊಂಡೆ. ಗಂಡನ ಅಂಗಿ ತೋಳು ಬಿಗಿಯಾಗಿ ಹಿಡಿದೆ. ಆಗ ಅವರು ನಗಲಿಲ್ಲ.

ಡಾಕ್ಟರಮ್ಮ ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು. "ಹಾರ್ಟ್ ಚಲೋ ಐತ್ರಿ. ಹೊಟ್ಟ್ಯಾಗಿನ ಆಸಿಡ್ ಮ್ಯಾಲ ಬರಾಕತ್ತೈತಿ, ಅಷ್ಟಽ" ಎಂದರು.

"ನಮ್ಮಪ್ಪಗೂ ಗ್ಯಾಸ್ ಅಂದಿದ್ರು" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಆವಾಗ ಇಸಿಜಿ ಮಾಡಿಸಿದ್ರೇನು?"

"ಇಲ್ರಿ. ಸೋಡಾ ಕುಡಿಸಿದ್ರು."

"ಅದಕ್ಕಽ ಹೇಳಾಕತ್ತೀನಿ. ಉರಿ ಜೋಡಿ ಬೆವರು ಬಂದ್ರ, ದಮ್ಮು ಹತ್ತಿದ್ರ, ಕೈಗೆ, ದವಡಿಗೆ ನೋವು ಇಳದ್ರ ಸೋಡಾ ಗೀಡಾ ಅನ್ನಬ್ಯಾಡ್ರಿ, ತಡಾ ಮಾಡದಽ ದವಾಖಾನಿಗೆ ಓಡ್ರಿ. ಈ ಉರಿ ಊಟದಾಗ ಹತೋಟಿಗೆ ಬರ್ತೈತಿ."

ಖಾರ, ಕರಿದದ್ದು ಕಡಿಮೆ ಮಾಡಬೇಕು. ಖಾಲಿ ಹೊಟ್ಟೆಗೆ ಚಹಾ ಬೇಡ. ಹೊಟ್ಟೆ ಬಿರಿಯುವಂತೆ ಉಣ್ಣಬಾರದು. ಮಂಚದ ತಲೆಕಡೆ ಎತ್ತರಿಸಬೇಕು. ಎಲ್ಲಕ್ಕೂ ಹ್ಞೂಂ ಅಂದೆ. "ಉಂಡ ಕೂಡ್ಲೆ ಅಡ್ಡಾಗಬ್ಯಾಡ್ರಿ. ಎರಡ್ಮೂರು ತಾಸು ಗ್ವಾಡಿಗೆ ಒರಗಿ ಕುಂದರ್ರಿ" ಎಂದಾಗ ಮಾತ್ರ ನನ್ನ ಬಾಯಿ ಒಣಗಿತು.

ಖಾರವನ್ನು ಅಳುತ್ತ ಅಳುತ್ತ ಬಿಟ್ಟೆ. ಹಸಿಮೆಣಸಿನಕಾಯಿ ಚಟ್ನಿ ಗಂಡನ ತಟ್ಟೆಗೆ, ನನಗೆ ಹೆಸರುಬೇಳೆ, ಹೀರೇಕಾಯಿ ಪಲ್ಯ, ಮೆತ್ತನೆಯ ರೊಟ್ಟಿ. ಮಂಚದ ಕಾಲಿನಡಿ ಅವರೇ ಇಟ್ಟಿಗೆ ಇಟ್ಟರು. ಮಧ್ಯಾಹ್ನ ಕೂರುವುದೊಂದು ಮಾತ್ರ ನನ್ನಿಂದ ಆಗಲಿಲ್ಲ. ಬೆನ್ನು ಗೋಡೆಗೆ ತಾಗಿದ ಕೂಡಲೇ ಪಡಸಾಲೆಯ ಅಪ್ಪ ಕಣ್ಣಮುಂದೆ ಬರುತ್ತಿದ್ದ. ದಡಕ್ಕನೆ ಎದ್ದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ದಣಿದು ಅಡ್ಡಾದರೆ ಉರಿ. ಉರಿ ಬಂದರೆ ಇದು ಹೊಟ್ಟೆಯದೋ ಅಪ್ಪನದೋ ಎಂಬ ದಿಗಿಲು. ಬೆವರು ಬಂತೇ ಎಂದು ಹಣೆ ಮುಟ್ಟಿ ನೋಡಿಕೊಳ್ಳುವುದು. ಸಿಂಧನೂರಿನ ಬಿಸಿಲಿಗೆ ಬೆವರದ ಹಣೆ ಯಾವುದಿದೆ, ಹೇಳಿ!

ಅಷ್ಟರಲ್ಲಿ ಅವ್ವ ಊರಿನಿಂದ ಬಂದಳು. ಅವಳಿಗೆ ಏನೂ ಹೇಳಬಾರದೆಂದು ಗಂಡನಿಗೆ ತಾಕೀತು ಮಾಡಿದ್ದೆ. "ಯಾಕಬೇ, ಚಟ್ನಿ ಮುಟ್ಟವಲ್ಲಿ?" ಎಂದು ಕೇಳಿದರೆ ಬಾಯಿಹುಣ್ಣು ಎಂದೆ. ಒಂದು ಸೋಮವಾರ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ, ಉಂಡೆ. ಅವ್ವನ ಮುಂದೆ ತೊಳೆದ ಪಾತ್ರೆ ಮತ್ತೆ ತೊಳೆಯಲು ನಾಚಿಕೆಯಾಗಿ ಗೋಡೆಗೆ ಒರಗಿದೆ. ಹೇಗೋ ಏನೋ, ಕಣ್ಣು ಹತ್ತಿತು.

ಎಚ್ಚರಾದಾಗ ನನ್ನ ಮೂಗಿನ ಕೆಳಗೆ ಅವ್ವನ ಬೆರಳಿತ್ತು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನವ್ವಾ?"

"ನೊಣ ಕುಂತಿತ್ತು."

"ನೊಣ ಅಂತ ನೊಣ! ನಾ ಸತ್ತೀನಿ ಅಂದ್ಕೊಂಡಿ, ಹೌದಿಲ್ಲೋ?" ಎಂದು ಕಿರುಚಿದೆ. ಅವಳು ಅಳತೊಡಗಿದಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಉರಿ, ಲಿಂಗಸುಗೂರು, ಇಸಿಜಿ, ಎಲ್ಲ ಹೇಳಿಬಿಟ್ಟೆ. "ಗ್ಯಾಸ್ ಅಂತ, ಅಷ್ಟಽ. ಉಂಡು ಮಲಗಬಾರದಂತ, ಕುಂದರಬೇಕಂತ."

ಅವ್ವ ಸೆರಗಿನ ತುದಿ ಹಿಂಡತೊಡಗಿದಳು.

"ಆವತ್ತು ನಿಮ್ಮಪ್ಪನೂ ಕುಂದರ್ತೀನಿ ಅಂದಿದ್ದ" ಎಂದಳು. "ಸೋಡಾ ಕುಡದು ಮಲಗಿದ್ದ. ದಮ್ಮು ಹತ್ತೈತಿ, ಎಬ್ಬಿಸಿ ಕುಂದರ್ಸು ಅಂದ. ನಾನಽ ಬೈದೆ. ಸುಮ್ನ ಮಲಕ್ಕೋ, ಹಗುರಾಕ್ಕೈತಿ ಅಂತ ಎದಿ ಮ್ಯಾಲ ಕೈಯಿಟ್ಟು ಒತ್ತಿ ಮಲಗಿಸಿದೆ. ಆಮ್ಯಾಲ ಊರ ಮಂದಿ ಬಂದು ಕುಂದರ್ಸಿದ್ರು."

ಇಷ್ಟು ವರ್ಷ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಏನಾದರೂ ಹೇಳಲೇಬೇಕಿತ್ತು.

"ಇಲ್ಲವ್ವಾ. ಹಾರ್ಟಿಂದು ಅಂದ್ರ ಕುಂತ್ರೂ ಅಷ್ಟಽ, ಮಲಗಿದ್ರೂ ಅಷ್ಟಽ. ಡಾಕ್ಟರಮ್ಮ ಹೇಳ್ಯಾರ."

ಡಾಕ್ಟರಮ್ಮ ಹಾಗೇನೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

"ಖರೇನಽ ಅಂದ್ರಾ?"

"ಖರೇನಽ ಅಂದ್ರು."

ಅವ್ವ ಕಣ್ಣೊರೆಸಿಕೊಂಡಳು. ಊರಿಗೆ ಹೋಗುವವರೆಗೂ ದಿನಾ ಉಂಡ ಮೇಲೆ ನನ್ನ ಪಕ್ಕದಲ್ಲೇ ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಲು ಬಿಡದೆ ಊರಿನ ಸುದ್ದಿ ಹೇಳುತ್ತಿದ್ದಳು. ಈಗ ಒಬ್ಬಳೇ ಕೂರುವುದು ರೂಢಿಯಾಗಿದೆ. ಉರಿಯೂ ಎಷ್ಟೋ ಕಡಿಮೆ. ನಿನ್ನೆ ಅವ್ವನ ಫೋನು ಬಂತು. ನನ್ನ ಊಟ ಕೇಳಿದಳು, ನಿದ್ದೆ ಕೇಳಿದಳು.

"ಇನ್ನೊಮ್ಮೆ ಲಿಂಗಸುಗೂರಿಗೆ ಹೋಗೂವಾಗ ನಾನೂ ಬರ್ತೀನಿ" ಎಂದಳು. "ನಿಮ್ಮಪ್ಪಂದು, ಕುಂತ್ರೂ ಅಷ್ಟಽ, ಮಲಗಿದ್ರೂ ಅಷ್ಟಽ ಅನ್ನೂದನ್ನ ಆ ಡಾಕ್ಟರಮ್ಮನ ಬಾಯಿಲೇನಽ ಒಮ್ಮೆ ಕೇಳಬೇಕು."